ರಾಜಿ ಹಾಡದ ತಿಮ್ಮವ್ವ

ಮುದನಾಳದ ತಿಮ್ಮವ್ವನನ್ನು ಹಾಡಿನಲ್ಲಿ ಕಟ್ಟಿಹಾಕಿದವರು ಇದ್ದಾರೆ. ಆದರೆ ಅವಳ ಬಾಯಿಂದ ‘ಸೋತೆ’ ಅನ್ನಿಸಿದವರು ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲ್ಲೂಕು ಜಾಲಾಡಿದರೂ ಸಿಗಲಿಕ್ಕಿಲ್ಲ. ಹಗಲೆಲ್ಲ ಯಾರದೋ ಹೊಲದಲ್ಲಿ ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಬದುಕುವ ಹೆಂಗಸು. ಕೈಗೆ ದಪ್ಪು ಎಂಬ ಚರ್ಮವಾದ್ಯ ಬಂತೆಂದರೆ ಮಾತ್ರ ಗೌಡರಿರಲಿ ಸ್ವಾಮಿಗಳಿರಲಿ, ಯಾರ ಮುಲಾಜೂ ಇಲ್ಲ.

ಅವಳದು ಗೀಗೀ ಪದದ ನಾಗೇಶಿ ಮೇಳ. ಗೀಗೀ ಪದದಲ್ಲಿ ಎರಡು ಮೇಳಗಳು ಎದುರುಬದುರು ನಿಂತು ಸವಾಲು ಜವಾಬು ಹಾಡುತ್ತವೆ. ಹರದೇಶಿಯವರದು ಹರನ ಪಕ್ಷ: ಮೊದಲಿದ್ದದ್ದು ಅರಿವು, ಈ ಕಲ್ಲು ಮಣ್ಣು ಮೈ ಎಲ್ಲ ಆಮೇಲೆ ಅದರಿಂದ ಹುಟ್ಟಿದ್ದು. ನಾಗೇಶಿಯವರದು ಶಕ್ತಿಯ ಪಕ್ಷ: ಮೊದಲಿದ್ದದ್ದು ಮಣ್ಣು, ಅದು ಹಣ್ಣಾದ ಮೇಲೆ ಅರಿವು ಹುಟ್ಟಿತು. ಪಂಡಿತರು ಇದೇ ಜಗಳಕ್ಕೆ ಚೇತನ ಎಂದೂ ಜಡ ಎಂದೂ ಹೆಸರಿಟ್ಟು ದಪ್ಪ ದಪ್ಪ ಪುಸ್ತಕ ಬರೆದಿದ್ದಾರಂತೆ. ಈ ಸೀಮೆಯವರು ಅದನ್ನು ದಪ್ಪು ಬಡಿದು ಹಾಡಿದರು, ಬೆವರು ಒರೆಸಿಕೊಂಡು ಚಹಾ ಕುಡಿದರು. ಅರಿವು ಎಂಬ ದೊಡ್ಡ ಮಾತೂ ಇವರಿಗೆ ಬೇಕಾಗಲಿಲ್ಲ. ಖಬರು ಅಂದರೆ ಸಾಕು. ಖಬರು ಎಂದರೆ ಸುದ್ದಿ ನಿಜ, ಆದರೆ ಈ ಕಡೆ ಮೈಮೇಲಿನ ಎಚ್ಚರಕ್ಕೂ ಅದೇ ಮಾತು. ಮೂರ್ಛೆ ಹೋದವನಿಗೆ ಖಬರಿಲ್ಲ, ತಿಳಿಗೇಡಿಯಾದವನು ಖಬರಗೇಡಿ. ಹೀಗಾಗಿ ಜಗತ್ತಿನ ಬುಡ ಯಾವುದು ಎಂಬ ಪ್ರಶ್ನೆ ಇಲ್ಲಿಯವರ ಬಾಯಲ್ಲಿ ‘ಮಣ್ಣ ಮೊದಲೋ, ಖಬರ ಮೊದಲೋ’ ಎಂದಾಗಿತ್ತು.

ತಿಮ್ಮವ್ವ ಮಣ್ಣಿನ ಪಕ್ಷವನ್ನು ತಾನಾಗಿ ಆರಿಸಿಕೊಂಡವಳಲ್ಲ. ಗಂಡಸರಿಗೆ ಹರದೇಶಿ, ಹೆಂಗಸರಿಗೆ ನಾಗೇಶಿ ಎಂಬುದು ಹಿಂದಿನಿಂದ ನಡೆದುಬಂದ ವಾಡಿಕೆ. ಸೋದರತ್ತೆ ಭೀಮಾಬಾಯಿ ದಪ್ಪು ಕೈಗಿಟ್ಟಾಗ ಅದರ ಜೊತೆ ಪಕ್ಷವೂ ಬಂತು. ಹರೆಯದಲ್ಲಿ ಸುರಪುರದ ಒಂದು ಹಾಡಿಕೆಯಲ್ಲಿ ರುಮಾಲು ಸುತ್ತಿದ ಹರದೇಶಿ ಮುದುಕನೊಬ್ಬ ಮೀಸೆ ತಿರುವುತ್ತ, “ಹೆಣ್ಣಂದ್ರ ಮಣ್ಣು, ತುಳಿಸಿಕೊಳ್ಳಾಕ ಹುಟ್ಟಿದ್ದು. ಗಂಡಂದ್ರ ಖಬರು, ಆಳಾಕ ಹುಟ್ಟಿದ್ದು” ಎಂದುಬಿಟ್ಟ. ಜನ ಹೋ ಎಂದು ನಕ್ಕರು. ಅತ್ತೆ ಕಲಿಸಿದ ಪದಗಳಲ್ಲಿ ಇದಕ್ಕೆ ಜವಾಬು ಇರಲಿಲ್ಲ.

“ನೆಳ್ಳಿನ್ಯಾಗ ಕುಂತಾಂವಗ ಖಬರಾ ಮೊದಲು ಅನ್ನಸ್ತದ ಮುತ್ಯಾ” ಎಂದಳು ತಿಮ್ಮವ್ವ. “ಬಿಸಲಾಗ ಬಗ್ಗಿದಾಕಿನ್ನ ಕೇಳು. ಯಾವುದು ಮೊದಲಂತ ಆಕಿ ಟೊಂಕಾ ಹೇಳ್ತದ.”

ಅವತ್ತಿನಿಂದ ಅದು ಅವಳ ಸ್ವಂತ ಪಕ್ಷವಾಯಿತು. ತನ್ನ ಕೇರಿಯ ಜನರನ್ನು ಬರೀ ಮೈ, ಬರೀ ಕೂಲಿ ಎಂದು ನೋಡುವವರೇ ಮಣ್ಣು ಕೀಳು ಅರಿವು ಮೇಲು ಎನ್ನುತ್ತಾರೆಂದು ಅವಳಿಗೆ ಅನ್ನಿಸಿತ್ತು. ಮಣ್ಣಿಗೆ ಮೊದಲ ಮಣೆ ಹಾಕದೆ ಅವಳು ಎದ್ದದ್ದೇ ಇಲ್ಲ. ಹಾಡಿಕೆಯ ಕೊನೆಗೆ ರಾಜಿ ಹಾಡುವುದು ಪದ್ಧತಿ. ಹರನೂ ಶಕ್ತಿಯೂ ಒಂದೇ ಎಂದು ಎರಡೂ ಮೇಳ ಕೂಡಿ ಹಾಡಿ ಮಂಗಳ ಮಾಡಬೇಕು. ಹೆಸರಿಗೆ ರಾಜಿ, ದನಿ ತಗ್ಗಿಸಬೇಕಾದದ್ದು ಮಾತ್ರ ಪ್ರತಿ ಸಲ ಹೆಂಗಸರ ಮೇಳ. ರಾಜಿಯ ಹೊತ್ತಿಗೆ ತಿಮ್ಮವ್ವ ದಪ್ಪನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ ಇಟ್ಟುಕೊಂಡು ಇಳಿದು ಹೋಗುವಳು. ಎಷ್ಟೋ ಊರಿನವರು ಅದಕ್ಕಾಗಿ ಅವಳನ್ನು ಕರೆಯುವುದನ್ನೇ ಬಿಟ್ಟರು. ಬಿಡಲಿ ಬಿಡು ಎಂದು ಅವಳು ಹತ್ತಿ ಬಿಡಿಸಲು ಹೋದಳು.

ಅಂಥವಳಿಗೆ ಸರಿಜೋಡಿಯಾಗಿ ಸಿಕ್ಕವನು ಶಹಾಪುರದ ಸರದಾರಸಾಬ. ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರ, ಎತ್ತರದ ಆಳು, ಮೂಗಿನ ತುದಿಯಲ್ಲೇ ಸಿಟ್ಟು. ಅವನ ಪದದಲ್ಲಿ ಹಿಮ್ಮೇಳದವರು ಒಂದಕ್ಷರ ಆಚೀಚೆ ಮಾಡಿದರೂ ನಡುಹಾಡಿನಲ್ಲೇ ತಿರುಗಿ ಬೈಯುವನು. ಖಬರೇ ಮೊದಲು ಎಂದು ಅವನು ಹಾಡುತ್ತಿದ್ದುದು ಆ ಸುರಪುರದ ಮುದುಕನ ಹಾಗೆ ಮೀಸೆ ತಿರುವುವುದಕ್ಕಲ್ಲ. ಅವನಿಗೆ ಅದು ನಿಜವಾಗಿ ಹಾಗೇ ಕಾಣುತ್ತಿತ್ತು.

“ತಿಮ್ಮವ್ವಾ, ಮಣ್ಣಾ ಮೊದಲಂದ್ರ ನೀನೂ ನಿನ್ನ ತಲಿಮ್ಯಾಲಿನ ಬುಟ್ಟಿನೂ ಒಂದಾ ಆದ್ರಿ” ಎನ್ನುತ್ತಿದ್ದ. “ಹಂಗಾದ್ರ ನಿನ್ನೊಳಗ ಕುಂತು ನನ್ನ ಬೈಯಾಕತ್ತಾಳಲ್ಲ, ಆಕಿ ಯಾರು?”

“ನಾನಾ, ಸರದಾರಣ್ಣಾ. ಈ ಹೊಟ್ಟಿ, ಈ ಗಂಟಲಾ, ಈ ನಾಲಿಗಿ. ಎರಡು ದಿನಾ ರೊಟ್ಟಿ ಕೊಡಬ್ಯಾಡ, ಆಕಿ ಬೈತಾಳೇನು ನೋಡು.”

ಜನ ಎದ್ದು ಹೋದ ಮೇಲೂ ಇವರ ವಾದ ನಿಲ್ಲುತ್ತಿರಲಿಲ್ಲ. ಶಹಾಪುರದ ಮನೆಯಲ್ಲಿ ಅವನ ಹೆಂಡತಿ ಅರ್ಜುಮಂದ, “ಇವರ ಜಗಳಾ ಮುಗೀಲಿಲ್ಲ, ನನ್ನ ಚಾಪುಡಿ ಮುಗೀತು” ಎಂದು ಗೊಣಗುತ್ತಲೇ ಒಲೆಯ ಮೇಲೆ ಮತ್ತೆ ನೀರಿಡುತ್ತಿದ್ದಳು. ರಾಜಿ ಹಾಡಲು ಸರದಾರಸಾಬನೂ ಒಪ್ಪುತ್ತಿರಲಿಲ್ಲ. ತಿಮ್ಮವ್ವ ಒಪ್ಪದೆ ತಾನೊಬ್ಬನೇ ಒಪ್ಪಿದರೆ ಅದೆಂಥ ರಾಜಿ ಎಂದು ಕೇಳುವನು. ಅವಳಿಗೆ ಒಡಹುಟ್ಟಿದವರು ಇಬ್ಬರಿದ್ದರು. ಅವರ್ಯಾರ ಜೊತೆಗೂ ಅವಳು ಇಷ್ಟು ಮಾತಾಡಿರಲಿಲ್ಲ, ಇಷ್ಟು ಜಗಳವನ್ನೂ ಆಡಿರಲಿಲ್ಲ.

ಹೋದ ಬೇಸಿಗೆಯಲ್ಲಿ ಸರದಾರಸಾಬ ಗಾದಿ ಹೊಲಿಯುತ್ತ ಕೂತಲ್ಲೇ ವಾಲಿದ. ಲಕ್ವಾ. ಕಲಬುರಗಿಯ ದವಾಖಾನೆಯಲ್ಲಿ ಬಹಳ ದಿನ ಇಟ್ಟುಕೊಂಡರು. ಜೀವ ಉಳಿಯಿತು, ಕಣ್ಣು ತೆರೆದವು, ಆದರೆ ಆ ಕಣ್ಣು ಯಾರನ್ನೂ ಹಿಂಬಾಲಿಸಲಿಲ್ಲ. ಮೆದುಳಿಗೆ ದೊಡ್ಡ ಪೆಟ್ಟು ಬಿದ್ದಿದೆ, ಪ್ರಜ್ಞೆ ಇದ್ದ ಹಾಗೆ ಕಾಣುವುದಿಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದರು ಡಾಕ್ಟರು. ಮಗ ಅಕ್ರಮ ಅದನ್ನು ಮನೆಮಾತಿಗೆ ತಿರುಗಿಸಿ ತಾಯಿಗೆ ಹೇಳಿದ: “ಅಪ್ಪಗ ಖಬರಿಲ್ಲಂತವ್ವಾ.”

ತಿಮ್ಮವ್ವ ನೋಡಲು ಹೋದಾಗ ಅವನನ್ನು ಗೋಡೆಯ ಕಡೆ ಮುಖ ಮಾಡಿ ಮಲಗಿಸಿದ್ದರು. ಆರೈಕೆಯಲ್ಲಿ ಕುಂದು ಹುಡುಕುವಂತಿರಲಿಲ್ಲ. ಹಾಸಿಗೆ ಶುಭ್ರ, ಮೈಯಲ್ಲಿ ಒಂದು ಹುಣ್ಣಿಲ್ಲ, ಹೊತ್ತು ಹೊತ್ತಿಗೆ ನಳಿಗೆಯಿಂದ ಗಂಜಿ. ಆದರೆ ಅವನ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಮೈ ಒರೆಸುವಾಗ ಅರ್ಜುಮಂದ ಮಗನಿಗೆ “ಆ ಕಡಿ ಎತ್ತಿ ಹಿಡಿ” ಎಂದಳೇ ಹೊರತು ಗಂಡನಿಗೆ “ಸ್ವಲ್ಪ ಹೊರಳ್ರಿ” ಎನ್ನಲಿಲ್ಲ. ಜೀವಮಾನವೆಲ್ಲ ಬೈದು, ನಗಿಸಿ, ಚಹಾ ಕೊಟ್ಟವಳು ಅವನ ಮುಖ ನೋಡದೆ ಮುಖ ಒರೆಸುತ್ತಿದ್ದಳು.

ಬಂದಿದ್ದ ನೆಂಟನೊಬ್ಬ ಹಾಸಿಗೆಯ ಪಕ್ಕದಲ್ಲೇ ಕೂತು ಚಹಾ ಹೀರುತ್ತ, “ಖಬರು ಹೋಗ್ಯಾದ. ಇನ್ನ ಬರೇ ಮಣ್ಣ ಉಳದದ” ಎಂದ. ಈ ಕಡೆ ಮಣ್ಣು ಎಂದರೆ ನೆಲದ ಮಣ್ಣೂ ಹೌದು, ಹೂಳುವ ಕೆಲಸವೂ ಹೌದು. ಅವನು ಎರಡನ್ನೂ ಸೇರಿಸಿಯೇ ಅಂದಿದ್ದ.

“ಬರೇ ಮಣ್ಣ ಅಂದ್ರೇನಪ್ಪಾ?” ತಿಮ್ಮವ್ವ ಎದ್ದು ನಿಂತಳು. “ಮನಷ್ಯಾ ಇಲ್ಲೇ ಮಲಗ್ಯಾನ. ಅವನ ಮುಂದ ಕುಂತು ಏನ ಮಾತಾಡ್ಲಿಕತ್ತಿ ನೀನು?”

ನೆಂಟ ಚಹಾದ ಲೋಟ ಕೆಳಗಿಟ್ಟ. ಜವಾಬು ಕೊಟ್ಟವನು ಅಕ್ರಮ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

“ಅತ್ತಿ, ಅದು ನಿನ್ನಾ ಮಾತಲ್ಲಾ? ಮೈ ಕೆಟ್ಟರ ಖಬರೆಲ್ಲಿದು ಅಂತ ನೀನಾ ಹಾಡಿದಿ. ಅಲ್ಲ, ಖಬರಿಗಿ ಸಾವಿಲ್ಲಂತ ಅಪ್ಪ ಹಾಡ್ತಿದ್ದ. ಈಗ ನೋಡು ಅಂವ ಹ್ಯಾಂಗ ಮಲಗ್ಯಾನ. ನೀ ಗೆದ್ದಿ, ಅತ್ತಿ.”

ತಿಮ್ಮವ್ವ ಹೊರಬಿದ್ದಳು. ಯಾದಗಿರಿಯ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತವಳಿಗೆ ಹುಡುಗನ ಮಾತು ಮೈಯೆಲ್ಲ ಚುಚ್ಚುತ್ತಿತ್ತು. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಮಣ್ಣೇ ಮೊದಲಾದರೆ, ಮೈ ಮುರಿದ ಮೇಲೆ ಒಳಗೆ ಯಾರೂ ಇಲ್ಲ. ಸರದಾರಣ್ಣ ಹೋಗಿಯಾಯಿತು, ನೆಂಟ ಅಂದದ್ದು ಸರಿ. ಇಲ್ಲ, ಅವನು ಇನ್ನೂ ಒಳಗಿದ್ದಾನೆ ಎಂದು ತಾನು ಹಟ ಹಿಡಿದರೆ ಇಷ್ಟು ವರ್ಷ ಹಾಡಿದ್ದನ್ನೆಲ್ಲ ನುಂಗಿ ಅವನ ಪಕ್ಷಕ್ಕೆ ಹೋದ ಹಾಗೆ. ಗೆದ್ದರೆ ಅವನಿಲ್ಲ, ಅವನಿದ್ದರೆ ಗೆಲುವಿಲ್ಲ. ಇಂಥ ಸವಾಲನ್ನು ಎದುರಿಗೆ ಒಗೆದು ತಾನು ಮಾತ್ರ ಗೋಡೆ ನೋಡುತ್ತ ಮಲಗಿದ್ದಾನಲ್ಲ ಎಂದು ಅವನ ಮೇಲೇ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳುವೂ ಬಂತು. ಪಕ್ಕದವಳು ಯಾಕವ್ವ ಎಂದು ಕೇಳಿದ್ದಕ್ಕೆ ಕಣ್ಣಿಗೆ ಧೂಳು ಬಿತ್ತು ಎಂದಳು.

ಚಳಿಗಾಲದಲ್ಲಿ ಭೀಮರಾಯನಗುಡಿಯ ಕೃಷಿ ಕಾಲೇಜಿನಿಂದ ಭೀಮಾಶಂಕರ ಎಂಬ ಮೇಷ್ಟ್ರು ಬಂದರು. ಹಾಡಿನ ಹುಚ್ಚಿದ್ದ ಒಳ್ಳೆಯ ಮನುಷ್ಯ. ಕಾಲೇಜಿನ ಸಮಾರಂಭಕ್ಕೆ ಬೆಳಗಿನ ಹೊತ್ತು ಗೀಗೀ ಪದ ಇಟ್ಟುಕೊಂಡಿದ್ದೇವೆ, ಹರದೇಶಿಗೆ ಬೇರೆ ಮೇಳದವರನ್ನು ಗೊತ್ತು ಮಾಡಿದ್ದೇವೆ, ಕೊನೆಗೊಂದು ರಾಜಿ ಪದ ಹಾಡಿದರೆ ಚೆಂದ ಎಂದರು.

“ನನ್ನ ಎದುರು ಹಾಡಾಂವ ಒಬ್ಬಾಂವನಾ. ಅವನ್ನ ಕರಸ್ರಿ, ಬರ್ತೀನಿ.”

“ಅವರಿಗಿ ಖಬರಿಲ್ಲಲ್ಲ, ತಿಮ್ಮವ್ವಾ?”

“ನಿಮಗ ಯಾರು ಹೇಳ್ಯಾರ್ರಿ ಸರ್? ಅಂವ ಹೇಳ್ಯಾನೇನು?”

ಮೇಷ್ಟ್ರು ತಲೆ ಕೆರೆದುಕೊಂಡರು. ತಿಮ್ಮವ್ವ ಅವರನ್ನೂ ಕರೆದುಕೊಂಡು ಶಹಾಪುರಕ್ಕೆ ಹೋದಳು. ಅಕ್ರಮ ಕೇಳಿದ್ದೇ ಕೆಂಡವಾದ. “ಮಂದಿ ಮುಂದ ನಮ್ಮಪ್ಪನ್ನ ತಮಾಷಾ ಮಾಡ್ತಿಯೇನು? ಅಂವಗ ಏನೂ ತಿಳಿಯಂಗಿಲ್ಲ, ಅತ್ತಿ. ನೀ ಗುಡ್ಡದ ಮುಂದ ಹಾಡಿದಂಗ ಆಗ್ತದ.”

“ಗುಡ್ಡದ ಮುಂದೂ ಹಾಡೀನಿ ನಾನು” ಎಂದಳು ತಿಮ್ಮವ್ವ. “ಭಾಬಿ, ನೀ ಹೇಳು.”

ಅರ್ಜುಮಂದ ಸೆರಗಿನ ಅಂಚು ತಿರುವಿದಳು. ಆಮೇಲೆ ಯಾರನ್ನೂ ನೋಡದೆ, “ಕರಕೊಂಡು ಹೋಗ್ರಿ. ಇಲ್ಲಿ ಗ್ವಾಡಿ ನೋಡ್ತಾರ, ಅಲ್ಲಿ ಬಯಲರ ನೋಡ್ತಾರ” ಎಂದಳು.

ಅಂಗಡಿಯ ಹೊಸ ಗಾದಿಯೊಂದನ್ನು ಟಂಟಂ ಆಟೋದಲ್ಲಿ ಹಾಸಿ ಸರದಾರಸಾಬನನ್ನು ಕರೆತಂದರು. ವೇದಿಕೆಯ ಎಡಗಡೆ, ಹರದೇಶಿಯವರು ನಿಲ್ಲುವ ಜಾಗದಲ್ಲಿ, ಕುರ್ಚಿಗೆ ದಿಂಬು ಒತ್ತಿ ಕೂರಿಸಿದರು. ಒಂದು ಕಡೆ ಜೋತ ಬಾಯಿ, ಎತ್ತಲೋ ನೆಟ್ಟ ಕಣ್ಣು. ವಿದ್ಯಾರ್ಥಿಗಳು ಪಿಸುಗುಟ್ಟಿದರು. ಮುಂದಿನ ಸಾಲಿನ ಅತಿಥಿಗಳು ಮುಖ ಆ ಕಡೆ ತಿರುಗಿಸಿದರು. ಅರ್ಜುಮಂದ ಕುರ್ಚಿಯ ಪಕ್ಕ ನಿಂತಳು, ಅಕ್ರಮ ತಂದೆಯ ಹಿಂದೆ ತಲೆ ತಗ್ಗಿಸಿ ನಿಂತ. ಅವನ ಕಿವಿ ಕೆಂಪಾಗಿದ್ದವು.

ಎದುರಿಗೆ ದೂರದಲ್ಲಿ ಶಹಾಪುರದ ಗುಡ್ಡ. ಬುದ್ಧ ಅಂಗಾತ ಮಲಗಿದಂತೆ ಹಣೆ, ಮೂಗು, ಗದ್ದ ಎಲ್ಲ ಬಿಸಿಲಿನಲ್ಲಿ ಎದ್ದು ಕಾಣುತ್ತಿತ್ತು. ತಿಮ್ಮವ್ವ ದಪ್ಪು ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ಗುಡ್ಡದ ಕಡೆ ಕೈ ಮಾಡಿ ತನ್ನ ಹಳೆಯ ಸವಾಲನ್ನೇ ಎತ್ತಿದಳು:

“ಕಲ್ಲು ಮಲಗ್ಯಾವ ಕಲ್ಲಿನ ಮ್ಯಾಲ, ಬುದ್ಧ ಎಲ್ಲಿಂದ ಬಂದಾನೋ
ಕಲ್ಲ ಇಲ್ಲದಿರ ನಿನ್ನ ಖಬರಾ ಏನ ನೋಡುತ ನಿಂತಿತ್ತೋ”

ಹಿಂದೆ ಹಿಮ್ಮೇಳದ ರೇಣಮ್ಮ ತುಂತುಣಿ ಮಿಡಿಯುತ್ತ ಗೀಯ ಗಾ ಗೀಯ ಗಾ ಎಂದು ದನಿ ಎಳೆದಳು. ಪದ ಮುಗಿಯಿತು. ತಿಮ್ಮವ್ವ ಪದ್ಧತಿಯಂತೆ ದಪ್ಪು ಕೆಳಗಿಳಿಸಿ ಜವಾಬಿಗೆ ಕಾದಳು. ಸರದಾರಸಾಬನ ಬಾಯಿಂದ ಜೊಲ್ಲು ಇಳಿಯಿತು, ಅರ್ಜುಮಂದ ಒರೆಸಿದಳು. ತಿಮ್ಮವ್ವ ಕಾಯುತ್ತಲೇ ನಿಂತಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಯಾರೋ ಗದರಿಸಿದರು. ಭೀಮಾಶಂಕರ ಮೇಷ್ಟ್ರು ಹತ್ತಿರ ಬಂದು, “ಸಾಕು ತಿಮ್ಮವ್ವಾ. ಒಂದು ರಾಜಿ ಪದಾ ಹಾಡಿ ಮುಗಸರಿ” ಎಂದು ಬೇಡಿಕೊಂಡರು.

“ಜವಾಬು ಬರದ ರಾಜಿ ಎಲ್ಲಿದ್ರಿ?” ಎಂದವಳೇ ಅಡ್ಡ ನಡೆದು ಹರದೇಶಿಯ ಜಾಗಕ್ಕೆ ಬಂದು ಅವನ ಕುರ್ಚಿಯ ಪಕ್ಕದಲ್ಲಿ ನಿಂತಳು. ರೇಣಮ್ಮನ ಕೈ ತುಂತುಣಿಯ ಮೇಲೆ ನಿಂತುಹೋಯಿತು. ನಾಗೇಶಿಯವಳು ಹರದೇಶಿಯ ಪದ ಹಾಡಿದ್ದನ್ನು ಈ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. “ಅವನ ಗಂಟಲಾ ಕೆಟ್ಟದ. ಇಕಾ, ನನ್ನದು ಅದ” ಎಂದಳು ತಿಮ್ಮವ್ವ, ಜನರಿಗೆಲ್ಲ ಕೇಳುವ ಹಾಗೆ. ಸೋತರೂ ಸರಿ, ಅವನ ಮಾತು ಅವನ ಮಗ್ಗುಲಲ್ಲಿ ಒಮ್ಮೆ ಕೇಳಲೇಬೇಕು ಎಂದು ಅವಳು ಮೇಷ್ಟ್ರು ಕರೆಯಲು ಬಂದ ದಿನವೇ ನಿರ್ಧರಿಸಿದ್ದಳು.

ಸರದಾರಸಾಬನ ಜವಾಬು ಅವಳಿಗೆ ಅವನಷ್ಟೇ ಬಾಯಿಪಾಠ. ಇಷ್ಟು ವರ್ಷ ಎದುರಿಗೆ ನಿಂತು ಹಲ್ಲು ಕಚ್ಚಿ ಕೇಳಿದ್ದು. ಅವನ ಪದ ಹೀಗಿತ್ತು:

“ನೋಡಾಂವ ಇರದ ಗುಡ್ಡದ ಮ್ಯಾಲ ಮಾರಿ ಮೂಗ ಯಾವುದೇ
ಮಣ್ಣಿಗಿ ಮಣ್ಣಂತ ಹೆಸರನಿಟ್ಟ ಖಬರಾ ಮೊದಲ ಆದದ್ದೇ”

ಮೊದಲ ಸಾಲನ್ನು ಅವನದೇ ಏರಿನಲ್ಲಿ, ಅವನದೇ ಗತ್ತಿನಲ್ಲಿ ಹಾಡಿದಳು. ಅಕ್ರಮ ತಲೆ ಎತ್ತಿದ. ಎರಡನೆಯ ಸಾಲಿಗೆ ಬಂದಳು. ಮನಸ್ಸು ಖಬರಾ ಎಂದೇ ಹೊರಟಿತ್ತು. ಆದರೆ ಹುಟ್ಟಾ ನಾಗೇಶಿಯ ನಾಲಿಗೆ ಮೊದಲ ಎಂಬ ಮಾತಿನ ಹಿಂದೆ ಬೇರೇನನ್ನೂ ಹೇಳಿ ಗೊತ್ತಿಲ್ಲದ್ದು. ಅದು ತನ್ನ ರೂಢಿಯಂತೆ ತಾನು ಹಾಡಿಬಿಟ್ಟಿತು:

“ಮಣ್ಣಿಗಿ ಮಣ್ಣಂತ ಹೆಸರನಿಟ್ಟ ಮಣ್ಣಾ ಮೊದಲ ಆದದ್ದೇ”

ಹಾಡಿದ ಮೇಲೇ ಅವಳಿಗೆ ತಪ್ಪು ತಿಳಿದದ್ದು. ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಕುರ್ಚಿಯಿಂದ ಒಂದು ಸದ್ದು ಬಂತು. ಎದೆಯ ಆಳದಿಂದ, ಕಫವನ್ನೂ ಗಾಳಿಯನ್ನೂ ಕೂಡಿಸಿಕೊಂಡು ಎದ್ದ ಒಂದು ಗುರಗುಟ್ಟುವಿಕೆ. ಅದು ಏರಿ, ಗಂಟಲಿನಲ್ಲಿ ಸಿಕ್ಕಿ, “ಆಂ...ಥೂ!” ಎಂದು ಸಿಡಿಯಿತು. ನೆಟ್ಟಗಿದ್ದ ತಲೆ ಒಂದು ಕಡೆಗೆ ಹೊರಳಿತು. ತಿಮ್ಮವ್ವ ನಿಂತಿದ್ದ ಕಡೆಗೆ.

ಹಿಂದಿನ ಸಾಲಿನವರು ಎದ್ದು ನಿಂತರು. ಅಕ್ರಮ ತಂದೆಯ ಎದೆ ನೀವುತ್ತ, “ಕೆಮ್ಮು ಬಂದದ, ಕಫಾ ಕಟ್ಟಿತ್ತು” ಎಂದ. ಮುಂದಿನ ಸಾಲಿನಿಂದ ಕಾಲೇಜಿನ ದವಾಖಾನೆಯ ಡಾಕ್ಟರು ಎದ್ದು ಬಂದು, ಕಣ್ಣಿಗೆ ಬೆಳಕು ಹಿಡಿದು, ಕೈ ಹಿಡಿದು ನೋಡಿದರು. ದೊಡ್ಡ ಸದ್ದಾದಾಗ ಮೈ ತಾನಾಗಿ ಹೀಗೆ ಮಾಡುವುದುಂಟು, ಹೆಚ್ಚಿನ ಆಸೆ ಇಟ್ಟುಕೊಳ್ಳಬೇಡಿ ಎಂದು ಮೆಲ್ಲಗೆ ಹೇಳಿದರು. ಸುಳ್ಳು ಧೈರ್ಯ ಕೊಡುವವರಲ್ಲ ಅವರು.

“ಮೈ ತಾನಾ ಮಾಡ್ತು ಅಂತೀರಿ” ಎಂದಳು ತಿಮ್ಮವ್ವ.

“ಹೌದಮ್ಮಾ, ಬರೀ ಮೈ.”

ತಿಮ್ಮವ್ವ ನಕ್ಕಳು. ಬಹಳ ತಿಂಗಳ ಮೇಲೆ ಬಂದ ನಗು, ಕಣ್ಣಲ್ಲಿ ನೀರು ತುಂಬಿತ್ತು. “ಈ ಬರೀ ಅನ್ನೋದು ಬಿಡ್ರಿ, ಡಾಕ್ಟರ ಸಾಹೇಬ್ರ. ನನ್ನ ನಾಲಿಗಿ ನನ್ನ ಕೇಳದ ಖರೇ ಮಾತು ಆಡೇದ. ಮಣ್ಣಿಗಿ ಮಣ್ಣಂತ ಹೆಸರಿಟ್ಟದ್ದು ಮತ್ಯಾರು? ನಾನೂ ಮಣ್ಣಾ, ಇಂವನೂ ಮಣ್ಣಾ, ನೀವೂ ಮಣ್ಣಾ. ಮಣ್ಣಿಗಿ ಖಬರಿಲ್ಲಂತ ನಿಮಗ ಯಾವ ಖಬರಗೇಡಿ ಹೇಳಿದ? ಖಬರು ಮ್ಯಾಲಿಂದ ಇಳದ ಬಂದು, ಮನಿ ಬಿದ್ದ ಕೂಡಲೆ ಎದ್ದು ಹೋಗಾಕ, ಅದೇನು ಬಾಡಗಿಗಿ ಇದ್ದಾಂವೇನ್ರಿ? ಮಣ್ಣ ಉಸರಾಡಾಕತ್ತದಂದ್ರ ಸರದಾರಣ್ಣ ಇದ್ದಾನ. ನಾ ಸೋತಿಲ್ಲ. ಅಂವ ಹೋಗಿಲ್ಲ.”

ಡಾಕ್ಟರು ಬ್ಯಾಟರಿಯನ್ನು ಜೇಬಿಗೆ ಹಾಕಿಕೊಂಡರು. ಅವರಿಗೆ ಒಪ್ಪಿಗೆಯಾಗಿರಲಿಲ್ಲ, ಅದು ಅವರ ಮುಖದಲ್ಲೇ ಇತ್ತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಸಿಳ್ಳೆ ಹಾಕಿದಳು. ಭೀಮಾಶಂಕರ ಮೇಷ್ಟ್ರು ಕಣ್ಣೊರೆಸಿಕೊಂಡು, ಇದಕ್ಕಿಂತ ಒಳ್ಳೆಯ ಮಂಗಳ ಇನ್ನೊಂದಿಲ್ಲ ಎಂದುಕೊಂಡೋ ಏನೋ, ಮೈಕು ಹಿಡಿದರು. “ಮಣ್ಣೂ ಖಬರೂ ಒಂದಾ ಅಂತ ತಿಮ್ಮವ್ವ ಒಪ್ಯಾರ. ಇನ್ನ ರಾಜಿ...”

“ಯಾವಾಕಿ ಒಪ್ಯಾಳ್ರಿ?” ತಿಮ್ಮವ್ವ ಮೈಕಿಗೆ ಅಡ್ಡ ಕೈಯಿಟ್ಟಳು. “ಮಣ್ಣಾ ಮೊದಲು. ಖಬರು ಅದರ ಹೊಟ್ಟಿಯಾಗಿಂದು. ಬ್ಯಾಡಂತ ಇಂವ ಅಂದಾನ, ಥೂ ಅಂದದ್ದು ಎಲ್ಲರೂ ಕೇಳೀರಿ. ಜಗಳಾ ಇನ್ನ ಈಗ ಚಾಲೂ ಆಗ್ಯಾದ. ರೇಣಮ್ಮಾ, ತುಂತುಣಿ ಹಿಡಿಯವ್ವಾ.”

ಅವಳು ತನ್ನ ಜಾಗಕ್ಕೆ ನಡೆದುಹೋಗಿ ದಪ್ಪು ಎತ್ತಿದಳು. ರೇಣಮ್ಮ ಶ್ರುತಿ ಹಿಡಿದಳು. ಇನ್ನೇನು ಸವಾಲು ಶುರುವಾಗಬೇಕು, ಅಷ್ಟರಲ್ಲಿ ಕುರ್ಚಿಯ ಪಕ್ಕದಲ್ಲಿದ್ದ ಅರ್ಜುಮಂದ ನೆಲಕ್ಕೆ ಮಂಡಿಯೂರಿದಳು. ಬೇಸಿಗೆಯಿಂದ ನೋಡದಿದ್ದ ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

“ಕೇಳಿದಿರೇನ್ರೀ?” ಎಂದಳು. “ನಿಮ್ಮ ಪದಾ ಕೆಡಿಸ್ಯಾಳ ಆಕಿ, ನಿಮ್ಮ ಮಗ್ಗಲದಾಗ ನಿಂತು. ಹಿಂಗಾ ಬಿಡ್ತೀರೇನು?”